ಪದಚರ್ಚೆ: ‘ಅಪ್‌ಸೈಕಲ್’ ಮಾಡಿದ ಮೊಸಾಯಿಕ್ ಮೇಜಿಗೆ ಏನನ್ನೋಣ? (ಸಂಜೆಯೊಳಗೆ ಬೇಕು)

ಮೈಸೂರಿನಿಂದ, ಬೆಳಿಗ್ಗೆ 9.40

ಗೆಳೆಯರೇ,
ಸಂಜೆ 5ಕ್ಕೆ ಬೋರ್ಡು ಬರೆಯುವವರಿಗೆ ಎರಡು ಸಾಲು ಕೊಡಬೇಕು. ತೋಟದಲ್ಲಿ ಬಿದ್ದಿದ್ದ ಕಬ್ಬಿಣದ ಕಾಲಿನ ದುಂಡು ಮೇಜು. ಮೇಲಿನ ಪ್ಲೈವುಡ್ ಮಳೆಗೆ ಉಬ್ಬಿ ಪದರ ಪದರ ಬಿಟ್ಟಿತ್ತು. ಅದನ್ನು ಕಿತ್ತು, ಸಿಮೆಂಟ್ ಶೀಟ್ ಕೂರಿಸಿ, ಒಡೆದ ಟೈಲು, ಸಾಸರುಗಳ ಚೂರು ಅಂಟಿಸಿ ಸಂದಿಗಳಿಗೆ ಗ್ರೌಟ್ ತುಂಬಿದ್ದೇವೆ. ನೋಡಲು ಬರುವವರು ಹೆಚ್ಚಾಗಿ ಶಾಲೆ ಮಕ್ಕಳು. ‘ಅಪ್‌ಸೈಕಲ್’ಗೆ ‘ಮರುಬಳಕೆ’ ಸಾಲದು, ಹಳೇ ಸಾಮಾನಿಗೆ ಮೊದಲಿಗಿಂತ ಹೆಚ್ಚು ಬೆಲೆ ಬರುವಂತೆ ಮಾಡುವುದು ಅದು. ಇನ್ನೊಂದು ತೊಡಕು: ‘ಮೊಸಾಯಿಕ್’ ಎಂದರೆ ನಮ್ಮಲ್ಲಿ ಅಜ್ಜನ ಮನೆಯ ನೆಲ, ಸಿಮೆಂಟಿಗೆ ಕಲ್ಲಿನ ಚಿಪ್ಸ್ ಕಲಸಿ ಮೆಷಿನ್ನಿನಲ್ಲಿ ಉಜ್ಜಿದ್ದು. ಇಂಗ್ಲಿಷಿನವರು ಅದನ್ನು ಟೆರಾಜೊ ಅನ್ನುತ್ತಾರೆ. ಹಾಗಾದರೆ ಚೂರು ಜೋಡಿಸಿದ್ದಕ್ಕೆ?

ಬೆಂಗಳೂರಿನಿಂದ, 9.52

ಮೇಲ್ಬಳಕೆ. ಚರ್ಚೆಗೆ ಏನಿದೆ ಇದರಲ್ಲಿ?

ಉಡುಪಿಯಿಂದ, 10.15

ಮೇಲ್ಬಳಕೆ ಎಂದರೆ ಮೇಲಿಂದ ಮೇಲೆ ಬಳಸುವುದೋ, ಮೇಲುಮೇಲೆ ಬಳಸುವುದೋ? 1994ರಲ್ಲಿ ಜರ್ಮನಿಯ ರೈನರ್ ಪಿಲ್ಸ್ ‘ಅಪ್‌ಸೈಕಲ್’ ಮಾತು ಎತ್ತಿದ್ದು ಕಟ್ಟಡದ ಹಳೇ ಸಾಮಾನಿನ ಬಗ್ಗೆ. ಇಟ್ಟಿಗೆ ಪುಡಿ ಮಾಡಿದರೆ ಅದರ ಬೆಲೆ ಇಳಿಯುತ್ತದೆ, ಬೇಕಾದ್ದು ಬೆಲೆ ಏರಿಸುವ ಕೆಲಸ ಎಂಬುದು ಅವರ ತಕರಾರು. ಪದದ ಒಳಗಿರುವುದು ಬೆಲೆ, ಬಳಕೆಯಲ್ಲ. (ಮೇಡಂ, ನೀವೂ ಟೈಲು ಒಡೆದಿರಾ?)

ಧಾರವಾಡದಿಂದ, 10.31

ಚೂರು ಕೂಡಿಸಿ ಹೊಸಾದು ಮಾಡಿದ್ದಕ್ಕ ನಮ್ಮ ಕಡೆ ಹೆಸರು ಐತಲ್ಲರೀ, ಕೌದಿ. ಹಳೇ ಸೀರಿ, ಧೋತರ ಕತ್ತರಿಸಿ ತುಂಡಿಗೆ ತುಂಡು ಕೂಡಿಸಿ ಹೊಲಿಯೋದು. ನನ್ನ ಎಣಿಕಿಯೊಳಗ ಅದು ‘ಕವಿ’ ಧಾತುವಿಂದ ಬಂದದ್ದು, ಮ್ಯಾಲೆ ಕವಿಯುವಂಥಾದ್ದು. ಮೇಜಿನ ಮ್ಯಾಲೂ ಅದ ಆಗೈತಿ. ‘ಕೌದಿ ಮೇಜು’ ಅನ್ರಿ.

ಉಡುಪಿಯಿಂದ, 10.38

ಆಧಾರ? ಇವರಿಗೆ ‘ಕವಿ’ ಬಿಟ್ಟು ಬೇರೆ ಧಾತುವೇ ಇಲ್ಲ. ಹೋದ ತಿಂಗಳು ‘ಕವಾಟ’ವನ್ನೂ ಅಲ್ಲಿಂದಲೇ ಎಳೆದರು, ಅದು ಸಂಸ್ಕೃತ ಎಂದ ಮೇಲೂ.

ಬೆಂಗಳೂರಿನಿಂದ, 11.05

ಪ್ಲೈವುಡ್, ಶೀಟು, ಟೈಲು, ಗ್ರೌಟು. ಕೇಳಿದ್ದರಲ್ಲೇ ಕನ್ನಡ ಎಲ್ಲಿದೆ? ಗ್ರೌಟಿಗೆ ‘ಸಂದುಗಾರೆ’ ಎನ್ನಲು ಏನು ಕಷ್ಟ?

ಶಿವಮೊಗ್ಗದಿಂದ, 11.20

‘ಮೇಜು’ ಒಂದನ್ನು ಬಿಟ್ಟಿರೇಕೆ ಸ್ವಾಮಿ? ಪಾರಸಿಯ ಮೇಜ್ ಅನ್ನಿ, ಪೋರ್ಚುಗೀಸರ ಮೆಸ ಅನ್ನಿ, ನಮ್ಮದಂತೂ ಅಲ್ಲ. ಕುರ್ಚಿ ಅರಬ್ಬಿ. ಸರಿ, ನೆಲದ ಮೇಲೇ ಕೂತು ಚಹಾ ಕುಡಿಯೋಣವೆಂದರೆ ಅದು ಚೀನದ್ದು. ನಿಮ್ಮ ಗಾರೆಗೂ ಹಿಂದಿಯ ಗಾರಾಕ್ಕೂ ನಂಟಿಲ್ಲವೇ? ಮೇಸ್ತ್ರಿ ‘ಸಂದಿಗೆ ವೈಟ್ ಸಿಮೆಂಟ್ ತುಂಬು’ ಅನ್ನುತ್ತಾನೆ, ಕೆಲಸ ನಡೆಯುತ್ತದೆ. ಆ ಮೇಸ್ತ್ರಿಯೂ ಪೋರ್ಚುಗೀಸೇ.

ಹಾಸನದಿಂದ, 2.10

ಇಲ್ಲಿ ಕುಂಟಾಬಿಲ್ಲೆ ಆಡಿದವರು ಒಬ್ಬರೂ ಇಲ್ಲವೇ? ಒಡೆದ ಮಡಕೆಯ ಚೂರು ಬೋಕಿ. ಅದರ ಅಂಚನ್ನು ಜಗಲಿ ಕಲ್ಲಿಗೆ ಉಜ್ಜಿ ದುಂಡು ಮಾಡಿದರೆ ಬೋಕಿಬಿಲ್ಲೆ. ಮೇಡಂ, ಸಾಸರಿನ ಅಂಚು ಉಜ್ಜಿದಿರಾ, ಹಾಗೇ ಅಂಟಿಸಿದಿರಾ?

ಮೈಸೂರಿನಿಂದ, 4.35

ಉಜ್ಜಿದೆವು ಸರ್. ಮೊದಲ ಎರಡು ಸಾಲು ಹಾಗೇ ಅಂಟಿಸಿ, ಗ್ರೌಟ್ ಒರೆಸುವಾಗ ಹೆಬ್ಬೆರಳು ಕೊಯ್ದುಕೊಂಡ ಮೇಲೆ ಪ್ರತಿ ಚೂರನ್ನೂ ಉಜ್ಜಿದೆವು. ಟೈಲು ನಾವು ಒಡೆದಿಲ್ಲ, ಪಕ್ಕದ ಮನೆ ಕಟ್ಟಿದವರು ಬಿಟ್ಟುಹೋದದ್ದು. ಬೋರ್ಡಿಗೆ ಕೊಟ್ಟದ್ದು ಇಷ್ಟು:

ಬೋಕಿಬಿಲ್ಲೆ ಮೇಜು
ಮಳೆಗೆ ಹಾಳಾದ ಹಳೇ ಮೇಜಿಗೆ ಒಡೆದ ಟೈಲು, ಸಾಸರುಗಳ ಹೊಸ ಹಾಸು

‘ಅಪ್‌ಸೈಕಲ್’ಗೆ ಪದ ಬೇಕಾಗಲೇ ಇಲ್ಲ. ಕೌದಿಯನ್ನು ಬಿಡಲು ನನಗೂ ಮನಸ್ಸಿರಲಿಲ್ಲ, ಆದರೆ ಇಲ್ಲಿನ ಮಕ್ಕಳು ಅದನ್ನು ಕಂಡಿಲ್ಲ.

ಬೆಂಗಳೂರಿನಿಂದ, 4.41

ಬೋರ್ಡು ಅಲ್ಲ, ಹಲಗೆ.

ಶಿವಮೊಗ್ಗದಿಂದ, 4.50

ಗಾರೆ ಬಗ್ಗೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.