ಉಪ್ಪಿನ ಕೆಳಗಿನ ಪದರ ಕಾಣ್ತಿಲ್ಲ, ಈ ಕೆಲಸ ಮಾಡಿದವರು ದಾರಿ ಹೇಳಿ

ಪ್ರಶ್ನೆ:
ಎಂ.ಟೆಕ್. ಪ್ರಾಜೆಕ್ಟ್‌ಗೆ ಬಿಪಿ 2004 ಮಾಡೆಲ್ (ತೈಲ ಕಂಪನಿ ಬಿಪಿ ಪರೀಕ್ಷೆಗೆಂದು ಮಾಡಿದ, ನೆಲದಡಿ ಉಪ್ಪಿನ ಗಡ್ಡೆಗಳಿರುವ ಕೃತಕ ಮಾಡೆಲ್) ಮೇಲೆ ಫುಲ್ ವೇವ್‌ಫಾರ್ಮ್ ಇನ್ವರ್ಶನ್ (ದಾಖಲಾದ ಕಂಪನದ ಅಲೆಗಳಿಗೆ ಹೊಂದುವವರೆಗೆ ನೆಲದಡಿಯ ಅಲೆವೇಗದ ನಕ್ಷೆ ತಿದ್ದುವ ಲೆಕ್ಕ) ಓಡಿಸ್ತಿದ್ದೇನೆ. ನಿಜವಾದ ಮಾಡೆಲನ್ನೇ ಸ್ಮೂತ್ ಮಾಡಿ (ಅಂಚುಗಳನ್ನು ಮಸುಕಾಗಿಸಿ) ಆರಂಭಕ್ಕೆ ಇಟ್ಟು, 8 ಹರ್ಟ್ಸ್‌ನಿಂದ ಶುರು ಮಾಡಿದೆ. ಉಪ್ಪಿನ ನೆತ್ತಿ ಚೆನ್ನಾಗಿ ಬಂತು, ತಳ ಕಲಸಿಹೋಯ್ತು, ಅದರ ಕೆಳಗೆ ಏನೂ ಇಲ್ಲ. 60 ಇಟರೇಶನ್ (ತಿದ್ದುವ ಸುತ್ತು) ಆದರೂ ಮಿಸ್‌ಫಿಟ್ (ಡೇಟಾಗೂ ಮಾಡೆಲ್‌ಗೂ ಇರುವ ವ್ಯತ್ಯಾಸ) ಇಳೀತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1:
ಇಟರೇಶನ್ ನಿಲ್ಲಿಸಿ, ಒಂದು ಲೆಕ್ಕ ಹಾಕಿ. ಉಪ್ಪಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4,500 ಮೀಟರ್. ಸುತ್ತಲಿನ ಸೆಡಿಮೆಂಟ್‌ನಲ್ಲಿ 2,500 ಅಂತಿಟ್ಟುಕೊಳ್ಳಿ. ಬರೀ 100 ಮೀಟರ್ ದಪ್ಪದ ಉಪ್ಪನ್ನು ನಿಮ್ಮ ಮಾಡೆಲ್ ಸೆಡಿಮೆಂಟ್ ಅಂದುಕೊಂಡರೆ, ಹೋಗಿಬರುವ ಸಮಯದಲ್ಲಿ 36 ಮಿಲಿಸೆಕೆಂಡ್ ತಪ್ಪುತ್ತೆ. 15 ಹರ್ಟ್ಸ್‌ನ ಅರ್ಧ ಸೈಕಲ್ 33 ಮಿಲಿಸೆಕೆಂಡ್. ತಪ್ಪು ಅರ್ಧ ಸೈಕಲ್ ದಾಟಿತು, ಅಲ್ಲಿಗೆ ಸೈಕಲ್ ಸ್ಕಿಪ್ ಆಯ್ತು. ಇನ್ವರ್ಶನ್ ಒಂದು ಶಿಖರವನ್ನು ಪಕ್ಕದ ಶಿಖರಕ್ಕೆ ಅಂಟಿಸುತ್ತೆ, ಆಮೇಲೆ ಎಷ್ಟು ಓಡಿಸಿದರೂ ಆ ಗುಂಡಿಯಿಂದ ಏಳಲ್ಲ. 8 ಹರ್ಟ್ಸ್‌ಗೆ 62 ಮಿಲಿಸೆಕೆಂಡ್ ಸಿಗುತ್ತೆ, ಅಂದರೆ 180 ಮೀಟರ್ ತಪ್ಪಿಗೆ ಅದೂ ಮುಗೀತು. ತಳವನ್ನು ಸ್ಮೂತ್ ಮಾಡಿದಾಗಲೇ ನೀವು ಅಷ್ಟನ್ನು ಅಳಿಸಿರುತ್ತೀರಿ. 3 ಹರ್ಟ್ಸ್‌ನಲ್ಲಿ 167 ಮಿಲಿಸೆಕೆಂಡ್ ಜಾಗ ಇದೆ. ಅಲ್ಲಿಂದ ಶುರು ಮಾಡಿ ಮೇಲಿನ ಹರ್ಟ್ಸ್‌ಗೆ ಹತ್ತಿ.

ಮಿಸ್‌ಫಿಟ್ ಅನ್ನೋ ಒಂದೇ ಸಂಖ್ಯೆಯನ್ನು ನಂಬಬೇಡಿ. ಒಂದೊಂದು ಶಾಟ್ (ಒಮ್ಮೆ ಅಲೆ ಎಬ್ಬಿಸಿದ್ದರ ದಾಖಲೆ) ತೆಗೆದು, ಹತ್ತು ಟ್ರೇಸ್ (ಒಂದೊಂದು ರಿಸೀವರ್ ಬರೆದ ಗೆರೆ) ಅಸಲಿ ಡೇಟಾ, ಹತ್ತು ಟ್ರೇಸ್ ನಿಮ್ಮ ಮಾಡೆಲ್‌ದು, ಹೀಗೆ ಪಟ್ಟಿ ಪಟ್ಟಿಯಾಗಿ ಅಕ್ಕಪಕ್ಕ ಇಡಿ. ಅಲೆಯ ಗೆರೆ ಪಟ್ಟಿ ದಾಟುವಾಗ ಮುರಿದರೆ ಕಣ್ಣಿಗೇ ಹೊಡೆಯುತ್ತೆ. ಎಷ್ಟನೇ ಕಿಲೋಮೀಟರ್ ಆಫ್‌ಸೆಟ್‌ನಲ್ಲಿ (ಅಲೆ ಎಬ್ಬಿಸಿದ ಜಾಗದಿಂದ ರಿಸೀವರ್‌ಗೆ ಇರುವ ದೂರ) ಮುರೀತು ಅಂತ ಬರೆದಿಟ್ಟುಕೊಳ್ಳಿ.

ಇನ್ನೊಂದು, ನನಗೇ ಆದದ್ದು. ಉಪ್ಪಿನ ಅಂಚಿನಲ್ಲಿ ಹೊರಚಾಚಿದ್ದ ಒಂದು ನಾಲಿಗೆಯನ್ನು ನಾನು ಪಿಕ್ ಮಾಡಲಿಲ್ಲ (ಚಿತ್ರದಲ್ಲಿ ಗುರುತು ಹಾಕಲಿಲ್ಲ). ಅಲೆ ಅಲ್ಲಿ ಬೇಗ ದಾಟಿ ಬಂದಿತ್ತು, ಮಾಡೆಲ್‌ಗೆ ಅದು ಗೊತ್ತಿಲ್ಲ. ಕೆಳಗಿನ ಪದರ ಮೇಲಕ್ಕೆ ಉಬ್ಬಿ, ಎಣ್ಣೆ ನಿಲ್ಲುವ ಗುಡ್ಡದ ಹಾಗೆಯೇ ಕಂಡಿತು. ಮೂರು ವಾರ ಅದನ್ನು ನಿಜ ಅಂತಲೇ ನಂಬಿದ್ದೆ. ನಾಲಿಗೆ ಸೇರಿಸಿ ಮತ್ತೆ ಆರ್‌ಟಿಎಂ (ರಿವರ್ಸ್ ಟೈಮ್ ಮೈಗ್ರೇಶನ್, ಅಲೆಗಳನ್ನು ಹಿಂದಕ್ಕೆ ಓಡಿಸಿ ನೆಲದಡಿಯ ಚಿತ್ರ ಕಟ್ಟುವ ವಿಧಾನ) ಮಾಡಿದಾಗ ಗುಡ್ಡ ಚಪ್ಪಟೆಯಾಯ್ತು. ಹಾಗಾಗಿ ನೆತ್ತಿ ಪಿಕ್ ಮಾಡಿ, ಅದರ ಕೆಳಗೆಲ್ಲ ಉಪ್ಪಿನ ವೇಗ ತುಂಬಿ, ಮೈಗ್ರೇಟ್ ಮಾಡಿ, ಆಮೇಲೆ ತಳ ಪಿಕ್ ಮಾಡಿ. ಹಳೇ ಪದ್ಧತಿ, ಬೇಸರದ ಕೆಲಸ, ಆದರೆ ಹೀಗೆ ಉಪ್ಪು ತುಂಬುವ ಈ ಸಾಲ್ಟ್ ಫ್ಲಡ್ ಬಿಟ್ಟು ಮುಂದೆ ಹೋಗಬೇಡಿ ಅಂತ ನಾನು ಒತ್ತಿ ಹೇಳ್ತೀನಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಒಂದು ಎಚ್ಚರಿಕೆ ಸೇರಿಸ್ತೀನಿ. ಸಿಂಥೆಟಿಕ್‌ನಲ್ಲಿ (ಕಂಪ್ಯೂಟರ್ ಹುಟ್ಟಿಸಿದ ಡೇಟಾದಲ್ಲಿ) 1 ಹರ್ಟ್ಸ್ ಕೂಡ ಪುಕ್ಕಟೆ ಸಿಗುತ್ತೆ, ಸಮುದ್ರದಲ್ಲಿ ಏರ್‌ಗನ್ (ಗಾಳಿ ಸಿಡಿಸಿ ಅಲೆ ಎಬ್ಬಿಸುವ ಸಾಧನ) ಅದನ್ನು ಕೊಡಲ್ಲ. 3 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಒಮ್ಮೆ ಓಡಿಸಿ, ಆ ಫಲಿತಾಂಶವನ್ನೂ ಥೀಸಿಸ್‌ನಲ್ಲಿ ಹಾಕಿ. ಡೇಟಾ ಹುಟ್ಟಿಸಿದ ಗ್ರಿಡ್ಡು, ಅದೇ ಕೋಡು ಇನ್ವರ್ಶನ್‌ಗೂ ಬಳಸಬೇಡಿ. ಚಿತ್ರ ಚೆನ್ನಾಗಿ ಬರುತ್ತೆ, ಆದರೆ ಅದು ಏನನ್ನೂ ಸಾಬೀತು ಮಾಡಲ್ಲ.

ಆಫ್‌ಸೆಟ್ ಎಷ್ಟು ಇಟ್ಟಿದ್ದೀರಿ? ಉಪ್ಪು ದಾಟಿದ ಮೇಲೆ ವೇಗ ಮತ್ತೆ ಇಳಿಯುತ್ತೆ, ಹಾಗಾಗಿ ಅಲೆ ಅಲ್ಲಿ ಬೇಗ ತಿರುಗಿ ಮೇಲೆ ಬರಲ್ಲ. ಮೆಕ್ಸಿಕೋ ಕೊಲ್ಲಿಯಲ್ಲಿ ಸಮುದ್ರತಳದ ನೋಡ್ (ಅಲೆ ದಾಖಲಿಸುವ ಉಪಕರಣ) ಇಟ್ಟು 30–40 ಕಿಲೋಮೀಟರ್ ದೂರದ ಶಾಟ್‌ಗಳನ್ನೂ ಬಳಸೋದು ಇದಕ್ಕೇ. ಅಲ್ಲಿನ ಅಟ್ಲಾಂಟಿಸ್ ಕ್ಷೇತ್ರದಲ್ಲಿ ಉಪ್ಪಿನಡಿ ಇನ್ನೂ 20 ಕೋಟಿ ಬ್ಯಾರೆಲ್ ಸಂಪನ್ಮೂಲ ಕಂಡಿತು ಅಂತ ಬಿಪಿ 2017ರಲ್ಲಿ ಪ್ರಕಟಿಸಿತು. ಅದರ ಹಿಂದೆ ಇದ್ದದ್ದು ನೀವು ಓಡಿಸ್ತಿರೋ ಇದೇ ಇನ್ವರ್ಶನ್.

ಪ್ರಶ್ನೆ ಕೇಳಿದವರು:
ಸರ್, ಮೇಡಂ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಐದು ಶಾಟ್ ಪಟ್ಟಿ ಮಾಡಿ ನೋಡಿದೆ. 6 ಕಿಲೋಮೀಟರ್ ಆಫ್‌ಸೆಟ್‌ವರೆಗೆ ಗೆರೆ ಸರಾಗ, ಅಲ್ಲಿಂದಾಚೆ ಎಲ್ಲ ಕಡೆ ಮುರಿದಿದೆ. 3 ಹರ್ಟ್ಸ್‌ನಿಂದ ಮತ್ತೆ ಹಾಕಿದ್ದೇನೆ, ಈಗ ನಾಲ್ಕನೇ ಇಟರೇಶನ್ ಓಡ್ತಿದೆ. ತಳ ಬಂದರೆ ಇಲ್ಲೇ ಬರೀತೀನಿ.