ಹಂಟಿಂಗ್ಟನ್‌ಗೆ ರಿಸೆಪ್ಟರ್ ಮದ್ದು: ಅನುಭವ ಇದ್ದವರು ತಿಳಿಸಿ

ಪೆರ್ಲ: ಅಣ್ಣನಿಗೆ 44. ಹಂಟಿಂಗ್ಟನ್, ಅಂದರೆ ವಂಶದಲ್ಲಿ ಬರುವ ಮಿದುಳಿನ ಕಾಯಿಲೆ, ಅಂತ ಖಚಿತವಾಗಿದೆ. ಡಾಕ್ಟರು ಒಲಾಂಝಪಿನ್ ಬರೆದಿದ್ದಾರೆ. ಅದನ್ನೇ ಶುರು ಮಾಡಬೇಕಾ, ಸಿಗ್ಮಾ-1 ರಿಸೆಪ್ಟರ್ (ಜೀವಕೋಶದಲ್ಲಿ ಮದ್ದು ಅಂಟಿಕೊಳ್ಳುವ ಜಾಗ) ಮೇಲೆ ಕೆಲಸ ಮಾಡುವ ಹೊಸ ಮದ್ದು ಪ್ರಿಡೊಪಿಡಿನ್‌ಗೆ ಕಾಯಬೇಕಾ?

ಬದಿಯಡ್ಕ: ನನ್ನ ಹೆಂಡತಿಗೆ ಮೊದಲು ಕೊಟ್ಟಿದ್ದು ಹ್ಯಾಲೋಪೆರಿಡಾಲ್. ಡೋಪಮಿನ್ ಅಂದರೆ ಮಿದುಳಲ್ಲಿ ಸಂದೇಶ ಒಯ್ಯುವ ರಾಸಾಯನಿಕ, ಅದರ ರಿಸೆಪ್ಟರನ್ನೇ ತಡೆಯುವ ಮದ್ದು. ಕೈಕಾಲಿನ ಕುಣಿತ ನಿಂತಿತು, ಅವಳೂ ಮರಗಟ್ಟಿದಳು. ಗಂಜಿ ಬಾಯಿಗಿಟ್ಟರೆ ಕೆನ್ನೆಯ ಸಂದಿಯಲ್ಲೇ ಉಳಿಯುತ್ತಿತ್ತು. ಆಮೇಲೆ ಟೆಟ್ರಾಬೆನಜಿನ್. ಇದು ರಿಸೆಪ್ಟರಿಗೆ ಕೈ ಹಾಕುವುದಿಲ್ಲ, ನರಕೋಶದ ಡೋಪಮಿನ್ ದಾಸ್ತಾನನ್ನೇ ಇಳಿಸುತ್ತದೆ. ಕುಣಿತ ಹದಕ್ಕೆ ಬಂತು, ಆದರೆ ದಿನವಿಡೀ ಅಳು. ಅದಕ್ಕೆ ಇನ್ನೊಂದು ಮಾತ್ರೆ. ಮಂಗಳೂರಿಗೆ ಕಾರು ಬಾಡಿಗೆ 2,800, ಕಾಯುವುದಕ್ಕೆ ಮೇಲೆ 300, ಡಯಾಪರ್ ಬೇರೆ. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮನೆಯಲ್ಲಿ ಮಾತ್ರೆ ಮುಗಿದಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕುಂಬಳೆ: ಅಣ್ಣಾ, ಸುಮ್ನೆ ಹೆದರಿಸಬೇಡಿ. ನಮ್ಮ ಅಪ್ಪನಿಗೆ ಒಲಾಂಝಪಿನ್‌ನಿಂದ ರಾತ್ರಿ ನಿದ್ದೆ ಬಂತು, ಸಿಡುಕು ಇಳಿಯಿತು, ತೂಕ ಏರಿತು. ಮೈ ಸೊರಗುವ ಕಾಯಿಲೆಯಲ್ಲಿ ಅದು ಸಣ್ಣ ಮಾತಲ್ಲ. ಪ್ರಿಡೊಪಿಡಿನ್‌ನ ದೊಡ್ಡ ಪ್ರಯೋಗ 2023ರಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಅದನ್ನು ನಂಬಿ ಕೂರಬೇಡಿ.

ಉಪ್ಪಳ: ಅರ್ಧ ಹೇಳಬೇಡಿ ಅಕ್ಕ. ಡೋಪಮಿನ್ ತಗ್ಗಿಸುವ ಮದ್ದು ತೆಗೆದುಕೊಳ್ಳದವರಲ್ಲಿ ಪ್ರಯೋಜನ ಕಂಡಿತು ಅಂತ ಕಂಪನಿ ಹೇಳಿದೆಯಲ್ಲ?

ಕುಂಬಳೆ: ಆ ಲೆಕ್ಕವನ್ನೂ ನೋಡಿಯೇ ಯುರೋಪಿನ ಔಷಧ ಸಮಿತಿ 2025ರಲ್ಲಿ ಬೇಡ ಅಂದಿತು. ಅಪ್ಪನನ್ನು ಕೊನೆತನಕ ನೋಡಿಕೊಂಡವಳು ನಾನು. ಕಂಪನಿಯ ಮಾತು ನನಗೆ ಹೇಳಬೇಡಿ.

ಉಪ್ಪಳ: ನನಗಿನ್ನೂ ಲಕ್ಷಣ ಇಲ್ಲ. ಟೆಸ್ಟ್ ಮಾಡಿಸಿದೆ, ಸಿಎಜಿ (ಈ ಕಾಯಿಲೆಯ ಜೀನಿನಲ್ಲಿ ಮತ್ತೆಮತ್ತೆ ಬರುವ ತುಣುಕಿನ ಎಣಿಕೆ) 42. 40 ಮುಟ್ಟಿದರೆ ಬಂದೇ ಬರುತ್ತದೆ ಅಂತ ನಿಮಗೂ ಗೊತ್ತು. ಆಸೆಪಡುವುದೂ ತಪ್ಪಾ? ಧೈರ್ಯ ಮಾಡಿ ಟೆಸ್ಟ್ ಮಾಡಿಸಿದೆ, ಮುಚ್ಚಿಟ್ಟು ಮಕ್ಕಳ ಮದುವೆ ಮಾಡುವವರ ಹಾಗೆ ಅಲ್ಲ.

ಬದಿಯಡ್ಕ: ಇದು ನನಗೇ ಅಂದಿದ್ದು ಅಲ್ವಾ? ನನ್ನ ಮಗಳಿಗೆ 23. ಬರುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅವಳಿಗೆ ಗೊತ್ತು. ಟೆಸ್ಟ್ ಬೇಡ ಅಂದವಳು ಅವಳೇ. ಹುಡುಗನ ಮನೆಯವರಿಗೂ ಹೇಳಿದ್ದೇವೆ. ಅವರು ಎದ್ದು ಹೋದರು. ಇನ್ನೇನು ಮುಚ್ಚಿಡಲಿ?

ಉಪ್ಪಳ: ಟೆಸ್ಟ್ ಆಗಿದ್ದರೆ ಅವರು ಕೂರುತ್ತಿದ್ದರೇನೋ.

ಬದಿಯಡ್ಕ: ನನ್ನ ಮಗಳ ವಿಷಯ ಇಲ್ಲಿಗೆ ಬಿಡಿ.

ಪೆರ್ಲ: ಅಣ್ಣನಿಗೆ ಈಗಲೇ ನುಂಗಲು ಕಷ್ಟ. ಮಾತ್ರೆ ಹೇಗೆ ಕೊಡಲಿ?

ಕುಂಬಳೆ: ಒಲಾಂಝಪಿನ್ ಬಾಯಲ್ಲೇ ಕರಗುವಂಥದ್ದೂ ಬರುತ್ತದೆ. ಅದನ್ನು ಬರೆದುಕೊಡಲು ಡಾಕ್ಟರಿಗೆ ಹೇಳಿ.