ಅಕ್ಕಾ, ಆ ಬೋಳು ಗುಡ್ಡದಲ್ಲಿ ಏನಿದೆ ಅಂತ ಕೇಳಿದ್ದೆ ಅಲ್ವಾ

ಅಕ್ಕಾ, ಶನಿವಾರ ನಾನು ಗ್ರೂಪಿನಲ್ಲಿ ಹಾಕಿದ ಫೋಟೋ ನೋಡಿ ನೀನು "ಮರ ಇಲ್ಲ, ಮನೆ ಇಲ್ಲ, ದಿನವಿಡೀ ನಡೆಯೋಕೆ ಅಲ್ಲೇನಿದೆ" ಅಂತ ಕೇಳಿದ್ದೆ. ಮುಂದಿನ ತಿಂಗಳು ಬಂದಾಗ ನಾವೂ ನಡೆಯಬಹುದಾ ಅಂತ ಭಾವ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಆ ಕಾಲುದಾರಿಯ ಹೆಸರು ಪೆನ್ನೈನ್ ವೇ. ಇಂಗ್ಲೆಂಡಿನ ಈಡೇಲ್ ಎಂಬ ಹಳ್ಳಿಯಲ್ಲಿ ಶುರುವಾಗಿ ಸ್ಕಾಟ್ಲೆಂಡ್ ಗಡಿ ದಾಟಿದ ಕೂಡಲೇ ಸಿಗುವ ಕರ್ಕ್ ಯೆಟ್‌ಹೋಮ್ ಎಂಬ ಊರಿನವರೆಗೆ 268 ಮೈಲಿ. ನಾನೂ ಆಫೀಸಿನ ಗೆಳೆಯನೂ ನಡೆದದ್ದು ಮೊದಲ ದಿನದ ದಾರಿ ಮಾತ್ರ, ಕ್ರೌಡನ್ ತನಕ, 16 ಮೈಲಿ. ಮ್ಯಾಂಚೆಸ್ಟರ್‌ನಿಂದ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಈಡೇಲ್. ಕುರಿ ಹೊಲಗಳನ್ನು ದಾಟಿ, ಜೇಕಬ್ಸ್ ಲ್ಯಾಡರ್ ಎಂಬ ಕಲ್ಲು ಮೆಟ್ಟಿಲು ಹತ್ತಿ, ಕಿಂಡರ್ ಸ್ಕೌಟ್ ಎಂಬ ಗುಡ್ಡದ ನೆತ್ತಿಗೆ ಬಂದೆವು.

ಆ ಗುಡ್ಡಕ್ಕೆ ಕಾಲಿಡುವುದೇ ಒಂದು ಕಾಲದಲ್ಲಿ ತಪ್ಪಾಗಿತ್ತು, ಗೊತ್ತಾ? ಜಮೀನ್ದಾರರು ಗ್ರೌಸ್ ಹಕ್ಕಿ ಬೇಟೆಗೆ ಇಟ್ಟುಕೊಂಡಿದ್ದ ಜಾಗ. ವಾರವಿಡೀ ಹೊಗೆಯಲ್ಲಿ ದುಡಿದ ಕಾರ್ಖಾನೆ ಹುಡುಗರು ಭಾನುವಾರ ಬಂದರೆ ಕಾವಲುಗಾರರು ಓಡಿಸುತ್ತಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ ಬೇಕೆಂದೇ ಹತ್ತಿದರು. ಮುಂದೆ ನಿಂತಿದ್ದ ಬೆನ್ನಿ ರಾತ್‌ಮನ್‌ಗೆ ಬರೀ 20 ವರ್ಷ. ಅವನೂ ಸೇರಿ ಐದು ಜನ ಜೈಲಿಗೆ ಹೋದರು. ಪೆನ್ನೈನ್ ವೇ ತೆರೆದದ್ದೂ ಏಪ್ರಿಲ್ 24ರಂದೇ, 1965ರಲ್ಲಿ. ನಾನು ಆ ಗುಡ್ಡದ ಅಂಚಿನಲ್ಲಿ ಕೂತು ಚಪಾತಿ, ಚಟ್ನಿಪುಡಿ ತಿಂದೆ, ಯಾರೂ ಎದ್ದು ಹೋಗು ಅನ್ನಲಿಲ್ಲ. ಅಲ್ಲೇ ಪಕ್ಕದಲ್ಲಿ ಕಿಂಡರ್ ಡೌನ್‌ಫಾಲ್ ಜಲಪಾತ. ಪಶ್ಚಿಮದ ಗಾಳಿ ಎಷ್ಟು ಜೋರಾಗಿತ್ತೆಂದರೆ ಬೀಳಬೇಕಾದ ನೀರು ತಿರುಗಿ ಮೇಲಕ್ಕೆ ಹಾರಿ ನಮ್ಮ ಮುಖಕ್ಕೇ ಬಡಿಯಿತು.

ಈಗ ನೀನು ಬೋಳು ಅಂದ ವಿಷಯ. ಅಲ್ಲಿನ ನೆಲ ಪೀಟ್, ಅಂದರೆ ಪಾಚಿ ಕೊಳೆಯದೆ ನೀರಲ್ಲೇ ಕೂತು ಆದ ಕಪ್ಪು ಜೌಗು. ಒಂದು ಮೀಟರ್ ಬೆಳೆಯಲು ಸುಮಾರು ಸಾವಿರ ವರ್ಷ ಬೇಕು. ಸುತ್ತಲಿನ ಊರುಗಳ ಕಾರ್ಖಾನೆ ಹೊಗೆ ಮಳೆಯಲ್ಲಿ ಇಳಿದು ಆ ಪಾಚಿ ಸತ್ತಿತು, ಮಣ್ಣು ಬೆತ್ತಲಾಗಿ ಕೊಚ್ಚಿ ಹೋಯಿತು. 2003ರಿಂದ ಮೂರ್ಸ್ ಫಾರ್ ದ ಫ್ಯೂಚರ್ ಎಂಬ ತಂಡ ಹೆಲಿಕಾಪ್ಟರ್‌ನಲ್ಲಿ ಕಲ್ಲು, ಸುಣ್ಣ, ಬೀಜ ಸಾಗಿಸಿ, ಕೊರಕಲುಗಳಿಗೆ ಒಡ್ಡು ಕಟ್ಟಿ, ಪಾಚಿಯನ್ನು ಮತ್ತೆ ನೆಡುತ್ತಿದೆ. ಫೋಟೋದಲ್ಲಿ ಬಿಳಿ ಚುಕ್ಕಿ ಕಾಣುತ್ತದಲ್ಲ, ಅದು ಹತ್ತಿ ಹುಲ್ಲು. ಕಣ್ಣು ಮುಟ್ಟುವಷ್ಟು ದೂರ ಗಾಳಿಗೆ ಒಂದೇ ಕಡೆ ಬಾಗಿ ನಿಂತಿತ್ತು.

ಮುಂದೆ ಜೌಗಿನ ಮೇಲೆ ಚಪ್ಪಡಿ ಹಾಸಿದ್ದಾರೆ. ಒಂದು ಚಪ್ಪಡಿಯಲ್ಲಿ ನಾಲ್ಕು ಗುಂಡನೆ ತೂತು, ಒಳಗೆ ಮಳೆನೀರು. ಮಗ್ಗದ ಯಂತ್ರವನ್ನು ಬೋಲ್ಟ್ ಹಾಕಿ ನಿಲ್ಲಿಸಿದ್ದ ಗುರುತು ಇರಬೇಕು. ಈ ಚಪ್ಪಡಿಗಳಲ್ಲಿ ಹೆಚ್ಚಿನವು ಲಂಕಾಷೈರ್, ಯಾರ್ಕ್‌ಷೈರ್‌ನಲ್ಲಿ ಕೆಡವಿದ ಹಳೆಯ ಹತ್ತಿ, ಉಣ್ಣೆ ಮಿಲ್ಲುಗಳ ನೆಲದ್ದು. ಹೊಗೆ ಬಿಟ್ಟ ಮಿಲ್ಲುಗಳ ನೆಲವೇ ಈಗ ಈ ಮಣ್ಣನ್ನು ನಮ್ಮ ಕಾಲಿನಿಂದ ಕಾಯುತ್ತಿದೆ. ನಾನು ಬಗ್ಗಿ ಆ ಕಲ್ಲು ಮುಟ್ಟಿದೆ. ಎಷ್ಟು ಜನರ ಕಾಲು ಸವೆಸಿದ ಕಲ್ಲೋ, ಅಂಗೈಗೆ ನುಣ್ಣಗೆ ತಗುಲಿತು.

ಸ್ನೇಕ್ ಪಾಸ್ ರಸ್ತೆ ದಾಟಿ ಬ್ಲೀಕ್‌ಲೋ ಎಂಬ ಮುಂದಿನ ಗುಡ್ಡ ಹತ್ತುವಾಗ ಮಂಜು ಮುಚ್ಚಿತು. ಹತ್ತು ಹೆಜ್ಜೆ ಮುಂದೆ ಏನೂ ಕಾಣಲಿಲ್ಲ. ತಿರುವು ತಪ್ಪಿ ನನ್ನ ಎಡಗಾಲು ಮೊಣಕಾಲಿನ ತನಕ ಹೂತುಹೋಯಿತು, ಗೆಳೆಯ ತೋಳು ಹಿಡಿದು ಎಳೆದ. ನಿಜವಾಗಿ ಹೆದರಿದೆ. ಅಲ್ಲಿ 1948ರಲ್ಲಿ ಬಿದ್ದ ಅಮೆರಿಕದ ಬಿ-29 ವಿಮಾನದ ಚೂರುಗಳು ಇನ್ನೂ ಇವೆ, 13 ಜನ ಸತ್ತ ಜಾಗ. ನೋಡಿ ಕೈಮುಗಿದು ಬರಬೇಕೆಂದಿದ್ದೆ, ಆದರೆ ಆ ಮಂಜಿನಲ್ಲಿ ದಾರಿ ಬಿಡುವುದು ಸರಿಯಲ್ಲ ಅನ್ನಿಸಿತು. ದಿಕ್ಸೂಚಿ ನೋಡಿಕೊಂಡೇ ಇಳಿದೆವು.

ಭಾವಾ, ಪೂರ್ತಿ 16 ಮೈಲಿ ಬೇಡ. ಕಿಂಡರ್ ಸ್ಕೌಟ್ ಮೇಲಿನ ಕಿಂಡರ್ ಲೋ ಎಂಬ ತುದಿ ತನಕ ಹತ್ತಿ ಅದೇ ದಾರಿಯಲ್ಲಿ ಈಡೇಲ್‌ಗೆ ಇಳಿಯೋಣ, ರೈಲೂ ಅಲ್ಲೇ ಸಿಗುತ್ತದೆ. ಶೂ ಮಾತ್ರ ಈಗಲೇ ಅಲ್ಲೇ ಕೊಂಡು ದಿನಾ ಬೆಳಿಗ್ಗೆ ಹಾಕಿ ನಡೆದು ಪಳಗಿಸಿ. ಅಕ್ಕಾ, ನಿನ್ನ ಮಂಡಿ ಈಗ ಹೇಗಿದೆ ಹೇಳು, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡುತ್ತೇನೆ.